ಒರಳೊಳಗಿನ ಕೈ

ಬ್ರೆಡ್ ಮಾಡುವ ಯಂತ್ರ ಬೇಕೆಂದು ಹೊರಟವಳು ಕಿನುಯೊ. ದುಡ್ಡೂ ಅವಳದೇ. ಆದರೆ ಅಂಗಡಿಯವನು ಮಾತಾಡಿದ್ದೆಲ್ಲ ಪಕ್ಕದಲ್ಲಿ ಆಕಳಿಸುತ್ತ ನಿಂತಿದ್ದ ಅವಳ ಗಂಡ ತೊಕುಜಿಯ ಜೊತೆ. ಅಕ್ಕಿ ಡಬ್ಬ ಎಲ್ಲಿದೆಯೆಂದು ಇವತ್ತಿಗೂ ಗೊತ್ತಿಲ್ಲದ ಗಂಡಸಿಗೆ ಹಿಟ್ಟು ಹುದುಗು ಬರುವ ವಿಚಾರ! ಕಿನುಯೊಗೆ ಮೈಯೆಲ್ಲ ಉರಿಯಿತು.

"ಇಲ್ಲಿ ನೋಡಪ್ಪಾ, ತಿನ್ನೋರು ಅವರು, ಮಾಡೋಳು ನಾನು. ಬೆಳಿಗ್ಗೆ ನಾವು ಏಳೋ ಹೊತ್ತಿಗೆ ತಾನೇ ಬೇಯಿಸಿಡೋದು ಯಾವುದು? ಸದ್ದು ಕಮ್ಮಿ ಯಾವುದು? ಅಂಟಕ್ಕಿ ಹಾಕಿದ್ರೆ ಮೋಚಿ ಮುದ್ದೆನೂ ಆಗುತ್ತಂತಲ್ಲ, ಅದನ್ನ ತೋರ್ಸು."

ಯುದ್ಧ ಮುಗಿದ ಮೇಲೆ ಶಾಲೆಯಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಬ್ರೆಡ್ಡಿನ ರುಚಿ ಅವಳ ನಾಲಿಗೆಯಿಂದ ಹೋಗಿರಲಿಲ್ಲ. ಮನೆಯಲ್ಲೇ ಮಾಡೋಣವೆಂದರೆ ಹಿಟ್ಟು ನಾದಲು ಕೈ ಬಗ್ಗದು. ಬಲಗೈಯ ಉಂಗುರದ ಬೆರಳು ಸೊಟ್ಟಗಾಗಿ ಮರಗಟ್ಟಿತ್ತು. ಆ ಬೆರಳಿನ ಕಥೆಯನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ.

ವರ್ಷದ ಕೊನೆಗೆ ಕೇರಿಯ ಗಂಡಸರೆಲ್ಲ ಗುಡಿಯಂಗಳದಲ್ಲಿ ಸೇರಿ ಹೊಸ ವರ್ಷಕ್ಕೆ ದೇವರ ಮುಂದಿಡುವ ಮೋಚಿ ಕುಟ್ಟುತ್ತಾರೆ. ಹಬೆಯಲ್ಲಿ ಬೆಂದ ಅಂಟಕ್ಕಿಯನ್ನು ಒರಳಿಗೆ ಸುರಿದು, ಸರದಿಯ ಮೇಲೆ ಮರದ ಕೊಡತಿ ಎತ್ತುತ್ತಾರೆ. ಎರಡು ಏಟುಗಳ ನಡುವೆ ಯಾರಾದರೂ ಒದ್ದೆ ಕೈ ಹಾಕಿ ಆ ಸುಡುವ ಮುದ್ದೆಯನ್ನು ಮಗುಚಬೇಕು. ಮದುವೆಯಾಗಿ ಬಂದ ವರ್ಷದಿಂದ ಆ ಕೈ ಕಿನುಯೊಳದು. ಒಂದು ವರ್ಷ ಸಾಕೆ ಹೆಂಡ ಕುಡಿದು ಬಂದ ತೊಕುಜಿಯ ಕೊಡತಿ ಅದರ ಮೇಲೇ ಬಿತ್ತು. "ನಿನ್ನ ತಾಳ ತಪ್ಪಿತು," ಎಂದ ಪುಣ್ಯಾತ್ಮ. ಆಮೇಲೆ ಪ್ರತಿ ವರ್ಷ ಅದೇ ಮಾತು, ಅದೇ ನಗು. ಕೊಡತಿ ಎತ್ತಿದ ತೋಳಿಗೆ ಚಪ್ಪಾಳೆ, ಮುರಿದ ಬೆರಳಿಗೆ ಗೇಲಿ. ಇದು ಯಾವ ಸೀಮೆಯ ನ್ಯಾಯವೋ!

ಯಂತ್ರವೇನೋ ಮನೆಗೆ ಬಂತು. ಮೊದಲ ದಿನ ಕಿನುಯೊ ಪಾತ್ರೆಯೊಳಗೆ ಹಿಟ್ಟು ನಾದುವ ಬ್ಲೇಡು ಸಿಕ್ಕಿಸುವುದನ್ನೇ ಮರೆತಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಹಿಟ್ಟಾಗಿಯೇ ಕೂತಿತ್ತು. "ನಮ್ಮನೆಯವಳ ಯಂತ್ರ ಹಿಟ್ಟನ್ನ ಬಿಸಿ ಮಾಡುತ್ತೆ ಕಣ್ರೋ!" ಎಂದು ತೊಕುಜಿ ಕೇರಿಗೆಲ್ಲ ಸಾರಿದ. ಮಾರನೆಯ ದಿನದಿಂದ ಬ್ರೆಡ್ಡು ಹೂವಿನ ಹಾಗೆ ಅರಳಿ ಬರತೊಡಗಿದಾಗ ಮಾತ್ರ ಯಾರಿಗೂ ಸಾರಲಿಲ್ಲ. ಗರಿಗರಿಯಾದ ಅಂಚನ್ನು ಮುರಿದು ಮೊದಲು ಬಾಯಿಗಿಟ್ಟವನು ಅವನೇ.

ವರ್ಷದ ಕೊನೆ ಬಂತು. ಕಿನುಯೊ ಯಂತ್ರದಲ್ಲೇ ಮೋಚಿ ಮಾಡಿ, ದುಂಡಗೆ ಎರಡು ಬಿಲ್ಲೆ ತಟ್ಟಿ, ಒಂದರ ಮೇಲೊಂದಿಟ್ಟು ಮನೆದೇವರ ಮುಂದೆ ಇರಿಸಿದಳು. ಕುಟ್ಟುವ ದಿನ ತಿಳಿಸಲು ಬಂದ ಕೇರಿಯ ಹಿರಿಯ ಒಗಾವಾನ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು.

"ಇದೇನು ಕಿನುಯೊ ಸಾನ್, ಯಂತ್ರದ್ದನ್ನ ದೇವರಿಗಿಟ್ಟಿದ್ದೀರಿ? ಮೈಗಳ್ಳರ ಮೋಚಿ ದೇವರಿಗೆ ಆಗಲ್ಲ."

ಹೆಂಡತಿಯ ಪರವಾಗಿ ಒಂದು ಮಾತು ಆಡಬೇಕಾದವನು ಎದ್ದು ಹೋಗಿ ಬಿಲ್ಲೆಗಳನ್ನು ಕೆಳಗಿಳಿಸಿದ. ಮೈಗಳ್ಳಿಯಂತೆ! ಕಿನುಯೊಳ ಕಣ್ಣಲ್ಲಿ ನೀರು ಬರಲಿಲ್ಲ, ಕಿಡಿ ಬಂತು.

"ರೀ, ಈ ವರ್ಷ ನನ್ನ ಕೈ ಒರಳಿಗೆ ಬರಲ್ಲ."

"ಓಯ್, ಬರದೆ ಎಲ್ಲಿ ಹೋಗುತ್ತೆ?" ತೊಕುಜಿ ನಕ್ಕ.

ಕುಟ್ಟುವ ದಿನ ಅವಳು ಗುಡಿಯಂಗಳಕ್ಕೆ ಹೋದಳು. ಕೈಗಳನ್ನು ಮಾತ್ರ ಏಪ್ರನ್ನಿನ ಜೇಬಿನಿಂದ ತೆಗೆಯಲಿಲ್ಲ. ಒರಳಲ್ಲಿ ಅಕ್ಕಿ ಹಬೆಯಾಡುತ್ತಿತ್ತು. ಕೊಡತಿ ಹಿಡಿದ ಒಗಾವಾ ಕಾದ.

"ಕುಟ್ಟಿ, ಒಗಾವಾ ಸಾನ್. ಇಷ್ಟೊಂದು ಜನ ಗಂಡಸರಿದ್ದೀರಲ್ಲ, ಯಾರಾದ್ರೂ ಒಬ್ಬರು ಕೈ ಹಾಕಿ."

ಒಬ್ಬನಿಗೆ ಕೆಮ್ಮು ಬಂತು. ಇನ್ನೊಬ್ಬ ಬೆಂಕಿ ನೋಡಲು ಹೋದ. ಕೊನೆಗೆ ಎಲ್ಲರೂ ನೋಡಿದ್ದು ತೊಕುಜಿಯನ್ನು. ಅವನು ಅಂಗಿಯ ತೋಳು ಮಡಚಿ, ಕೈ ಒದ್ದೆ ಮಾಡಿಕೊಂಡು ಕೂತ. ಕೊಡತಿ ಇನ್ನೂ ಒಗಾವಾನ ಭುಜ ದಾಟಿರಲಿಲ್ಲ, ತೊಕುಜಿ ಕೈಯನ್ನು ಹಿಂದಕ್ಕೆಳೆದು ಎದೆಗೊತ್ತಿಕೊಂಡಿದ್ದ. ಇನ್ನೊಮ್ಮೆ ಪ್ರಯತ್ನಿಸಿದ. ಆಗಲೂ ಅಷ್ಟೇ. ಈ ಸಲ ಯಾರೂ ತಾಳದ ಮಾತೆತ್ತಲಿಲ್ಲ. ಕಿನುಯೊ ತಿರುಗಿ ಮನೆಗೆ ನಡೆದಳು. ಕೆಳಗಿಳಿಸಿದ್ದ ಬಿಲ್ಲೆಗಳನ್ನು ಮತ್ತೆ ದೇವರ ಮುಂದಿಟ್ಟಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಸದ್ದಾಯಿತು. ಬೋಗುಣಿ ತುಂಬ ತಣ್ಣಗಾಗುತ್ತಿದ್ದ ಅಕ್ಕಿ ಹೊತ್ತ ಒಗಾವಾ, ಅವನ ಬೆನ್ನ ಹಿಂದೆ ತೊಕುಜಿ.

"ಕಿನುಯೊ ಸಾನ್, ಇದನ್ನ ಸ್ವಲ್ಪ ನಿಮ್ಮ ಯಂತ್ರಕ್ಕೆ ಹಾಕಿ..."

"ಮೈಗಳ್ಳರ ಮೋಚಿ ದೇವರಿಗೆ ಆಗುತ್ತಾ?"

ಒಗಾವಾ ತಲೆ ತಗ್ಗಿಸಿದ. ತೊಕುಜಿ ಅವಳ ಸೊಟ್ಟ ಬೆರಳನ್ನೇ ನೋಡುತ್ತ ನಿಂತಿದ್ದ. ಅಷ್ಟು ಹೊತ್ತು ಅವನು ಅದನ್ನು ಹಿಂದೆಂದೂ ನೋಡಿರಲಿಲ್ಲ.

ಕಿನುಯೊ ಬಾಗಿಲು ಬಿಟ್ಟು ಸರಿದಳು. ಆ ಪುಟ್ಟ ಯಂತ್ರಕ್ಕೆ ಹಿಡಿಯುವುದು ಒಂದೆರಡು ಬಟ್ಟಲು, ಬೋಗುಣಿ ಖಾಲಿಯಾಗಲು ಸಂಜೆಯಾದರೂ ಆಗಬೇಕು.

"ಅಡುಗೆಮನೆಯಲ್ಲಿದೆ, ಹೋಗಿ ಮಾಡ್ಕೊಳ್ಳಿ," ಎಂದು ಬೆಳಗಿನ ಬ್ರೆಡ್ಡಿನ ಗರಿಗರಿ ಅಂಚನ್ನು ಮುರಿದು ತನ್ನ ಬಾಯಿಗಿಟ್ಟುಕೊಂಡಳು. "ಬ್ಲೇಡು ಹಾಕೋದು ಮರೀಬೇಡಿ."