ಬಿಳಿ ಹೋರಿಯೋ, ಕೆಂಪು ಹೋರಿಯೋ

ನಿಜಾಮರ ಕಾಲದ ನಮ್ಮ ದನದ ಡಾಕ್ಟರು, ಯಾವ ದನ ಚಲೋ ಎಂದು ಯಾರು ಕೇಳಿದರೂ ಟೋಪಿ ತೆಗೆದು ತಲೆ ಕೆರೆದುಕೊಂಡು, "ಯಾವ ಊರಾಗ?" ಅನ್ನುತ್ತಿದ್ದರು.

ನಮ್ಮ ಎರಡು ಹೋರಿಗಳಲ್ಲಿ ಒಂದನ್ನು ತಳಿಗೆ ಉಳಿಸಿ, ಇನ್ನೊಂದರ ಬೀಜ ಒಡೆಸಬೇಕಿತ್ತು. ಎರಡರ ಕರುಗಳೂ ಕಲಬುರಗಿ, ಕಮಲಾಪುರ ಎರಡೂ ಊರಲ್ಲಿದ್ದವು. ಕಲಬುರಗಿಯ ಕಾಕಾನ ಕೊಟ್ಟಿಗೆಯಲ್ಲಿ ಬಿಳಿ ಹೋರಿಯ ಕರುಗಳೇ ಗಟ್ಟಿ. ಕಮಲಾಪುರದ ನಮ್ಮಲ್ಲಿ ಅವೇ ಸೊರಗಿ, ಕೆಂಪು ಹೋರಿಯವು ಮೆರೆಯುತ್ತಿದ್ದವು. ಡಾಕ್ಟರು ಕರುಗಳ ಬೆನ್ನು ಸವರಿದರು, ಮೇವು ಮೂಸಿದರು, ಬಾವಿಯ ನೀರನ್ನೂ ಕುಡಿದು ನೋಡಿದರು.

"ಎರಡೂ ಊರಾಗ ರಕ್ತ ಒಂದೇ ಅದ್ರಿ. ಮತ್ತ ಹಿಂಗ್ಯಾಕ?" ಎಂದು ನಮ್ಮನ್ನೇ ಕೇಳಿದರು.

ಅಪ್ಪ ಸಿಟ್ಟಿಗೆದ್ದ. "ಒಂದು ಹೋರಿ ಆರಿಸಾಕ ಬರೂದಿಲ್ಲ, ನೀವೇನು ಚಲೋ ಡಾಕ್ಟರೇನ್ರೀ?"

ಅವರು ಟೋಪಿ ತೆಗೆದರು. ನಗಲಿಲ್ಲ. ನಿಜಕ್ಕೂ ತಿಳಿಯದವರಂತೆ ಅಪ್ಪನ ಮುಖ ನೋಡಿದರು.

"ಯಾವ ಊರಾಗ್ರೀ?"