ಲಾಹಿರಿ ಡಾಕ್ಟರ ಕಿಟಕಿ

ನನ್ನ ಮೈದುನ ನಿರುಪಮ ಲಾಹಿರಿಯನ್ನು ಶ್ಯಾಮ್‌ಬಜಾರಿನವರು ಒಳ್ಳೆಯ ಹಲ್ಲಿನ ಡಾಕ್ಟರ್ ಎನ್ನುತ್ತಾರೆ. ಅನ್ನಲಿ. ಅವನ ಜೊತೆ ಒಂದೇ ಮನೆಯಲ್ಲಿ ಬಾಳುತ್ತಿರುವವಳು ನಾನು. ಅವನ ಬಾಯಲ್ಲಿ ನಾನು ಬೌದಿ, ಅಂದರೆ ಅತ್ತಿಗೆ; ನನ್ನ ಬಾಯಲ್ಲಿ ಅವನು ಠಾಕುರ್‌ಪೋ.

ಕೆಳಗಿನ ಕೋಣೆಯೇ ಅವನ ಕ್ಲಿನಿಕ್ಕು. ಅಂಗಳದ ಕಡೆಗೆ ಒಂದು ಕಿಟಕಿ, ಗೋಡೆಯ ಮೇಲ್ಗಡೆ ಗುಬ್ಬಚ್ಚಿಗಳು ಗೂಡು ಕಟ್ಟುವ ಗಾಳಿಗಿಂಡಿ. ಪುಷ್ಯಮಾಸದ ಒಂದು ದಿನ ಹಲ್ಲು ತೋರಿಸಲು ಬಂದ ಘೋಷಾಲ್ ಬಾಬು ಮಂಕಿ ಟೋಪಿ ಹಾಕಿಕೊಂಡೇ ಬಾಯಿ ತೆರೆದು, "ಕತ್ತಿಗೆ ಗಾಳಿ ಹೊಡೀತಿದೆ ಡಾಕ್ಟ್ರೇ, ಠಂಡಿ ಹತ್ತುತ್ತೆ" ಎಂದರು. ಠಂಡಿಗೆ ಹೆದರುವ ನಮ್ಮೂರಲ್ಲಿ ಆ ಮಾತಿಗೆ ಎದುರಿಲ್ಲ. ಮರುದಿನವೇ ಇವನು ಕಿಟಕಿಗೆ ಪ್ಲೈವುಡ್ ಬಡಿದ, ಕಿಂಡಿಗೆ ಹತ್ತಿ ತುರುಕಿದ. ಪ್ಲೈವುಡ್ಡಿನ ಮೇಲೆ ನಗುವ ಹಲ್ಲಿನ ಚಿತ್ರ ಬೇರೆ!

ಅವನ ಪಕ್ಕ ದಿನವಿಡೀ ನಿಂತು ರೋಗಿಗಳ ಜೊಲ್ಲು ಹೀರುವ ಕೊಳವೆ ಹಿಡಿಯುವವಳು ಚಾಂಪಾ. ಹಲ್ಲು ಕೊರೆಯುವಾಗ ಏಳುವ ಹನಿ, ಹುಡಿ, ಬಂದವರೆಲ್ಲರ ಉಸಿರು ಅಲ್ಲೇ ಸುತ್ತುತ್ತಿತ್ತು. ಅವಳಿಗೆ ಕೆಮ್ಮು ಶುರುವಾಯಿತು, ಬಿಡಲೇ ಇಲ್ಲ. "ಕಿಟಕಿ ತೆಗೀರಿ ಡಾಕ್ಟರ್‌ಬಾಬು" ಎಂದದ್ದಕ್ಕೆ, "ನಿನ್ನ ಮೈಯೇ ಬಡಕಲು. ಸೋಮವಾರದಿಂದ ಬೇರೆಯವಳು ಬರ್ತಾಳೆ" ಎಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಇವನಾದರೋ ಒಬ್ಬೊಬ್ಬರ ಹಲ್ಲು ಮುಗಿದಂತೆ ಅಂಗಳಕ್ಕೆ ಬಂದು, ಮಾಸ್ಕ್ ಇಳಿಸಿ, ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿದ್ದ. ಚಾಂಪಾ ಮಾತ್ರ ಒಳಗೇ ನಿಂತು ಸಲಕರಣೆ ತೊಳೆಯಬೇಕು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ನಮ್ಮ ಹಲ್ಲಿನ ಡಾಕ್ಟರನ್ನು ಬೀಳಿಸಲು ನಾನು ಬೇಕಾಯಿತು.

ಶನಿವಾರ ಚಾಂಪಾಳನ್ನು ಚಹಾಕ್ಕೆ ಕರೆದು ಅಂಗಳದಲ್ಲಿ ಕೂರಿಸಿ, ಅವನೊಬ್ಬನೇ ಒಳಗಿದ್ದಾಗ ಕ್ಲಿನಿಕ್ಕಿಗಿದ್ದ ಒಂದೇ ಬಾಗಿಲಿಗೆ ಅಂಗಳದ ಕಡೆಯಿಂದ ಚಿಲಕ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯತೊಡಗಿದ.

"ಬೌದಿ, ತೆಗೀರಿ!"

"ಬೇಡ ಠಾಕುರ್‌ಪೋ, ಹೊರಗೆ ಗಾಳಿ. ಠಂಡಿ ಹತ್ತೀತು."

"ತಮಾಷೆ ಸಾಕು! ಇಲ್ಲಿ ಉಸಿರು ಕಟ್ತಿದೆ ನಂಗೆ!"

ಅವನು ಕಿರುಚಿದ್ದು ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದವರಿಗೂ ಕೇಳಿತು. ಅವರಲ್ಲಿ ಘೋಷಾಲ್ ಬಾಬುವೂ ಇದ್ದರು.

"ಡಾಕ್ಟ್ರಿಗೇ ಉಸಿರು ಕಟ್ಟೋ ಕೋಣೇಲಿ ನಾನ್ಯಾಕಪ್ಪ ಬಾಯಿ ತೆರೀಲಿ?" ಎಂದು ಅವರು ಎದ್ದು ಹೊರಟರು. ಉಳಿದವರೂ ಚಪ್ಪಲಿ ಹುಡುಕತೊಡಗಿದರು.

ಆಮೇಲೆ ಮೊಳೆ ಕೀಳುವ ಸದ್ದು. ನಗುವ ಹಲ್ಲು ನೆಲಕ್ಕೆ ಬಿತ್ತು, ಕಿಟಕಿಯಲ್ಲಿ ಅವನ ಬೆವತ ಮುಖ ಕಂಡಿತು. ನಾನು ಚಿಲಕಕ್ಕೆ ಕೈ ಹಾಕಲಿಲ್ಲ.

"ಸೋಮವಾರ ಯಾರು ಬರ್ತಾರೆ, ಠಾಕುರ್‌ಪೋ?"

ಅವನು ಮೊದಲು ಎದೆ ತುಂಬ ಗಾಳಿ ಎಳೆದುಕೊಂಡ.

"ಚಾಂಪಾನೇ" ಎಂದ.