ಕಂಬಳಿಯೊಳಗಿನ ಕಸಿ

ಕನ್ನಡ ಟೈಪ್ ಮಾಡುವ ಓಪನ್ ಸೋರ್ಸ್ ತಂತ್ರಾಂಶದಲ್ಲಿ ತಾನು ತಿದ್ದಿದ ತಪ್ಪನ್ನು ಕಾಲೇಜು ಹುಡುಗಿ ಪಲ್ಲವಿ ಇವತ್ತು ಶ್ರೀನಿವಾಸಪುರದ ಲೈಬ್ರರಿಯಲ್ಲಿ ನನಗೆ ತೋರಿಸಿದಳು. ಅದರ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ. ಅವಳ ಮುಖವನ್ನೇ ನೋಡದ ಯಾರೋ "ಚೆನ್ನಾಗಿದೆ, ಇನ್ನೂ ತಿದ್ದು" ಎಂದು ಬರೆದಿದ್ದರು. ನನಗೆ ಹೊಟ್ಟೆ ಉರಿಯಿತು.

ನಾನು ಚಿಕ್ಕವಳಿದ್ದಾಗ ನಮ್ಮೂರು ರಾಯಲ್ಪಾಡಿನಲ್ಲಿ ದೊಡ್ಡಪ್ಪ ಮಾವಿಗೆ ಕಸಿ ಕಟ್ಟುತ್ತಿದ್ದರು. ಚಾಕು ಹಿಡಿದ ಕೂಡಲೇ, ಕೈಕೆಲಸ ಯಾರಿಗೂ ಕಾಣದ ಹಾಗೆ ತಲೆ ಮೇಲೆ ಕಂಬಳಿ ಎಳೆದುಕೊಳ್ಳುತ್ತಿದ್ದರು. ಅಣ್ಣನಿಗೆ ಕಂಬಳಿಯೊಳಗೆ ಜಾಗ. ನಾನು ಹೊರಗೆ, ಕಸಿ ಬಿಗಿಯಲು ಬಾಳೆನಾರು ನೆನೆಸಿಕೊಂಡು ನಿಂತಿರಬೇಕು. ಹಸಿ ತೊಗಟೆಯ ವಾಸನೆಯಷ್ಟೇ ನನ್ನ ಪಾಲು. ಒಂದು ಸಲ ಕಂಬಳಿ ಎತ್ತಿ ಇಣುಕಿದೆ.

"ಆ ಕಡೆ ತಿರುಗೇ. ನೀನು ಕಲಿತರೆ ಈ ವಿದ್ಯೆ ನಿನ್ನ ಗಂಡನ ಊರಿಗೆ ಹೋಗುತ್ತೆ ಕಣೇ," ಅಂದರು.

ಅಣ್ಣ ಒಳಗೆ ತೂಕಡಿಸುತ್ತಿದ್ದ, ಏನೂ ಕಲಿಯಲಿಲ್ಲ. ದೊಡ್ಡಪ್ಪ ಹೋದರು, ವಿದ್ಯೆಯೂ ಹೋಯಿತು. ಬಚ್ಚಿಟ್ಟವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಆಂಟಿ, ಇದರ ಪದಪಟ್ಟಿಯಲ್ಲಿ ನಮ್ಮ ಮಾವಿನ ಹೆಸರುಗಳೇ ಇಲ್ಲ. ನೀವು ಸೇರಿಸ್ತೀರಾ?" ಎಂದು ಪಲ್ಲವಿ ಕುರ್ಚಿ ಬಿಟ್ಟುಕೊಟ್ಟಳು.

ಹೊಟ್ಟೆಕಿಚ್ಚು ಆರಲಿಲ್ಲ. ಆದರೂ ಕೂತೆ. ದೊಡ್ಡಪ್ಪ ಕಂಬಳಿಯೊಳಗೆ ಕಟ್ಟುತ್ತಿದ್ದ ಬೇನಿಷಾ ಮಾವಿನ ಹೆಸರನ್ನೇ ಮೊದಲು ಬರೆದೆ, ಎಲ್ಲರಿಗೂ ಕಾಣುವ ಹಾಗೆ.